ತುಟಿಗೆ ಹೋದ ಬೆರಳು

ಬನಹಟ್ಟಿಯ ನೇಕಾರ ಓಣಿಯಲ್ಲಿ ಹುಟ್ಟಿದವರಿಗೆ ಹರಿದ ಎಳೆ ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ಶೇವಂತಿಯೂ ಅದಕ್ಕೆ ಹೊರತಲ್ಲ. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಮೇಡಂ ಆದ ಮೇಲೂ ಮನೆಗೆ ಬಂದರೆ ಚಹಾಕ್ಕಿಂತ ಮೊದಲು ತಾಯಿ ಅನಸವ್ವನ ಕೈಮಗ್ಗದ ಕಡೆ ಒಮ್ಮೆ ಹೋಗಿ ಬರಲೇಬೇಕು.

2006ರ ಸುಮಾರಿಗೆ ಅವಳ ಪಿಎಚ್.ಡಿ. ಪೂರ್ತಿ ಒಂದು ಪೆಟ್ಟಿಗೆಯ ಮೇಲೆ ನಿಂತಿತ್ತು. ವಿಶ್ವವಿದ್ಯಾಲಯದ ಗೈಡ್ ನಂಬಿ ಊರಿನ ಕಾಲೇಜಿನ ಲ್ಯಾಬಿಗೆ ಕೊಟ್ಟ ಪೆಟ್ಟಿಗೆ ಅದು. ಒಳಗೆ ಆರ್ಗಾನ್ ಅನಿಲ, ಒಂದು ಬದಿಗೆ ಕೂದಲಿಗಿಂತ ಸಣ್ಣ ತಂತಿಗಳು. ಮುಗಿಲಿನಿಂದ ಸದಾ ಬೀಳುವ, ಕಣ್ಣಿಗೆ ಕಾಣದ ಕಣವೊಂದು ಅನಿಲವನ್ನು ಹಾಯ್ದರೆ ಅಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ತಂತಿಯ ಕಡೆ ಸಾಗುತ್ತವೆ. ಒಟ್ಟಿಗೆ ಹೊರಟವು ದಾರಿಯಲ್ಲಿ ಅನಿಲಕ್ಕೆ ಡಿಕ್ಕಿ ಹೊಡೆಯುತ್ತ ಚದುರಿ, ಹಿಂದೆ ಮುಂದೆ ತಲುಪುತ್ತವೆ. ಎಷ್ಟು ವೇಗವಾಗಿ ಸಾಗಿದವು, ಎಷ್ಟು ಚದುರಿದವು ಎಂದು ಅಳೆಯುವುದು ಅವಳ ಕೆಲಸ.

ಆದರೆ ವೋಲ್ಟೇಜ್ ಏರಿಸಿದ್ದೇ ತಡ, ಕಣ ಬರಲಿ ಬಿಡಲಿ, ಮೀಟರಿನ ಮುಳ್ಳು ಕುಣಿಯುತ್ತಿತ್ತು. ಎಲ್ಲಿಯೋ ಕರೆಂಟು ಸೋರುತ್ತಿತ್ತು. ಶೇವಂತಿ ಅನಿಲದ ಸಿಲಿಂಡರ್ ಬದಲಿಸಿದಳು, ಕೇಬಲ್ ಬದಲಿಸಿದಳು, ಕರೆಂಟು ಕೆಡಿಸುತ್ತವೆ ಎಂದು ಊರಿನ ಪವರ್‌ಲೂಮುಗಳನ್ನೆಲ್ಲ ಬೈದಳು. ಅಮಾವಾಸ್ಯೆಯ ರಜೆಗೆ ಆ ಮಗ್ಗಗಳು ನಿಂತಾಗಲೂ ಮುಳ್ಳು ಕುಣಿಯಿತು. ತಂತಿಗಳ ಮೇಲೆ ಮಾತ್ರ ಅವಳಿಗೆ ಸಂಶಯ ಬರಲಿಲ್ಲ. ಅವನ್ನು ತಾನೇ ಕೈಯಾರೆ ಪೋಣಿಸಿದ್ದಳಲ್ಲ! ಒಂದೂ ಸಡಿಲಾಗಿಲ್ಲ ಎಂದು ಗೈಡ್ ಹೊಗಳಿದ್ದರು. ಆ ಹೊಗಳಿಕೆಯನ್ನು ಅನಸವ್ವ ಹಬ್ಬದ ಹೋಳಿಗೆಯ ಹಾಗೆ ಓಣಿ ತುಂಬ ಹಂಚಿ ಬಂದಿದ್ದಳು.

"ದೀಪಾವಳಿ ತನಕ ನೋಡ್ರಿ," ಎಂದರು ಗೈಡ್ ಫೋನಿನಲ್ಲಿ. "ಆಗಲಿಲ್ಲಂದ್ರ ಪೆಟ್ಟಿಗಿ ವಾಪಸ್ ಕಳಸ್ರಿ. ಬ್ಯಾರೆಯವ್ರು ಕಾಯಾಕತ್ತಾರ."

ಪೆಟ್ಟಿಗೆ ಹೋದರೆ ಇಷ್ಟು ವರ್ಷದ ಓದೂ ಹೋದ ಹಾಗೆಯೇ. ಅಂದು ಶೇವಂತಿಗೆ ಊಟ ಸೇರಲಿಲ್ಲ.

ಮರುದಿನ ಸಂಜೆ ಮನಸ್ಸು ತಡೆಯದೆ ತಾಯಿಯ ಪಕ್ಕ ಕುಳಿತು ಮಗ್ಗದ ಹರಿದ ಎಳೆ ಜೋಡಿಸತೊಡಗಿದಳು. ಅನಸವ್ವ ನಕ್ಕಳು.

"ಬೆರಳ ತುಟಿಗೆ ಹಚ್ಚೇ ಎಳಿ ಹಿಡದಿ ನೋಡು. ಸಣ್ಣಾಕಿ ಇದ್ದಾಗ ಕಲಿಸಿದ್ದು, ಇನ್ನೂ ಮರತಿಲ್ಲ."

ಶೇವಂತಿಯ ಕೈ ಅಲ್ಲೇ ನಿಂತಿತು. ಪೆಟ್ಟಿಗೆಯ ಸಣ್ಣ ತೂತುಗಳಲ್ಲಿ ಪ್ರತಿ ತಂತಿಯನ್ನು ತೂರಿಸುವ ಮುಂಚೆಯೂ ಅವಳು ಹೀಗೇ ಮಾಡಿದ್ದಳು. ಎಂಜಲಿನ ಉಪ್ಪು ತಂತಿಗಳ ಬುಡದಲ್ಲಿ ಒಣಗಿ ಕೂತಿತ್ತು. ಕರೆಂಟು ಸೋರುತ್ತಿದ್ದುದು ಅದರ ಮೇಲೆಯೇ.

ತಂತಿಗಳನ್ನೆಲ್ಲ ಕಿತ್ತು, ತೂತುಗಳನ್ನು ಸ್ಪಿರಿಟ್ ಹಚ್ಚಿ ಒರೆಸಿ, ಕೈಗೆ ಗ್ಲೌಸು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಸದಾಗಿ ಪೋಣಿಸಿದಳು. ಆದರೂ ಬೆರಳು ಆಗಾಗ ಬಟ್ಟೆಯ ತನಕ ಹೋಗಿ ನಾಚಿಕೊಂಡು ಮರಳುತ್ತಿತ್ತು. ಈ ಸಲ ಮುಳ್ಳು ಅಲುಗಲಿಲ್ಲ. ದೀಪಾವಳಿಗೆ ಮೊದಲೇ ಯಂತ್ರದ ಪರದೆಯ ಮೇಲೆ ಅವಳು ಕಾಯುತ್ತಿದ್ದ, ಎಲೆಕ್ಟ್ರಾನುಗಳು ತಂತಿ ತಲುಪಿದ ಗೆರೆ ಮೂಡಿತು. ಶೇವಂತಿ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತು ಸಮಾಧಾನದಿಂದ ಅತ್ತಳು.

"ಮುಳ್ಳು ಸುಮ್ಮನಾತೇನ?" ಮನೆಯಲ್ಲಿ ಅನಸವ್ವ ಕೇಳಿದಳು. "ಏನಾಗಿತ್ತಂತ?"

ಶೇವಂತಿ ತಾಯಿಯ ಮುಖ ನೋಡಿದಳು.

"ಧೂಳ ಕುಂತಿತ್ತ ಬೇ."

"ಹಂಗನ್ನು. ನಿನ್ನ ಕೈಯಾಗ ಐಬು ಇರಂಗಿಲ್ಲಂತ ನನಗ ಗೊತ್ತಿತ್ತು."

ಶೇವಂತಿ ಮಗ್ಗದ ಮುಂದೆ ಕುಳಿತು, ಬೆರಳು ತುಟಿಗೆ ಹಚ್ಚಿ, ಹರಿದ ಎಳೆ ಹುಡುಕತೊಡಗಿದಳು.