ಪೂರ್ತಿ ನಿಮಿಷದ ಸಿಸ್ಟರ್

ನಮ್ಮ ವಾರ್ಡಿನ ಹಿರಿಯ ನರ್ಸಿಗೆ ಎಲ್ಲರೂ ಇಟ್ಟಿದ್ದ ಹೆಸರು ‘ಪೂರ್ತಿ ನಿಮಿಷ’. ಉಳಿದವರು ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿಬಿಡುತ್ತಿದ್ದರು. ಇವರಿಗೆ ಅರವತ್ತು ಸೆಕೆಂಡೂ ಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ನನಗೆ ಇಂಥ ನಿಧಾನ ಕಂಡರೆ ಮೈಯೆಲ್ಲ ಉರಿ.

ನನ್ನ ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಕುಗ್ಗಿತ್ತು. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಾಲದ್ದಕ್ಕೆ ಬಡಿತವೂ ತಾಳ ತಪ್ಪಿತ್ತು. ಐದನೇ ದಿನ ಊತ ಇಳಿಯಿತು. ಬೆರಳಿಗೆ ಸಿಕ್ಕಿಸುವ ಯಂತ್ರ ಎಪ್ಪತ್ತೆಂಟು ತೋರಿಸಿತು. ಡಾಕ್ಟರು ಮನೆಗೆ ಹೋಗಲು ಚೀಟಿ ಬರೆದರು. ಹೆಂಡತಿ ಚೀಲ ತುಂಬಿದಳು, ನಾನು ಚಪ್ಪಲಿ ಮೆಟ್ಟಿದೆ.

ಆಗ ಬಂದರು ಈ ಮಹಾತಾಯಿ. ನನ್ನ ಅಂಗಿ ಬಿಚ್ಚಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಕಿರಿಯ ನರ್ಸಿಗೆ ಮಣಿಕಟ್ಟು ಹಿಡಿಯಲು ಹೇಳಿದರು. ಇಬ್ಬರೂ ಒಟ್ಟಿಗೆ ಎಣಿಸಿದರು. ಕೈಯಲ್ಲಿ ಎಪ್ಪತ್ತೆಂಟು. ಎದೆಯಲ್ಲಿ ನೂರ ಇಪ್ಪತ್ತಾರು.

“ಹಾಗಾದ್ರೆ ಯಂತ್ರ ಸುಳ್ಳು ಹೇಳುತ್ತಾ?” ಎಂದೆ.

“ಕೈಗೆ ತಲುಪಿದ್ದನ್ನ ಮಾತ್ರ ಅದು ಎಣಿಸುತ್ತೆ. ನಲವತ್ತೆಂಟು ಬಡಿತ ದಾರಿಯಲ್ಲೇ ಸೋತಿವೆ, ಯಜಮಾನ್ರೇ. ಎದೆ ಹೀಗೇ ಓಡ್ತಿದ್ರೆ ವಾರದೊಳಗೆ ವಾಪಸ್ ಬರ್ತೀರಿ. ಬಂದ್ರೆ ನಿಮ್ಮ ಪುಣ್ಯ.”

“ಸತ್ರೆ ಮನೇಲೇ ಸಾಯ್ತೀನಿ, ಬಿಡಿ.”

“ಅದಕ್ಯಾಕೆ ಅವಸರ? ಆ ಬಸ್ಸು ನಿಮ್ಮನ್ನ ಬಿಟ್ಟು ಹೋಗಲ್ಲ.”

ಎದುರಿನ ಹಾಸಿಗೆಯವನು ಕಿಸಕ್ಕನೆ ನಕ್ಕ. ನನ್ನ ಹೆಂಡತಿ ನಗಲಿಲ್ಲ. ಚೀಲ ಕೆಳಗಿಟ್ಟು ಕೂತುಬಿಟ್ಟಳು. ತುಂಬಿದ್ದ ಬಟ್ಟೆಯನ್ನೆಲ್ಲ ಅವಳು ಒಂದೊಂದಾಗಿ ಹೊರತೆಗೆಯುವುದು ನೋಡಿ ನನಗೆ ನಿಜಕ್ಕೂ ಭಯವಾಯಿತು. ಡಾಕ್ಟರು ಎರಡೂ ಲೆಕ್ಕ ನೋಡಿ ಚೀಟಿ ವಾಪಸ್ ತಗೊಂಡು ಮಾತ್ರೆ ಬದಲಿಸಿದರು.

ಇನ್ನೂ ನಾಲ್ಕು ದಿನ ಕಳೆಯಿತು. ಸಿಸ್ಟರ್ ನನ್ನ ಹೆಂಡತಿಯನ್ನು ಕರೆದರು.

“ಮನೇಲಿ ಯಂತ್ರ ಒಂದನ್ನೇ ನಂಬಬೇಡಿ. ಎದೆಗೆ ಕಿವಿ ಇಟ್ಟು ಎಣಿಸೋದು ಕಲೀರಿ.”

“ಎಲ್ಲರೆದುರಿಗಾ?”

“ಪರದೆ ಎಳೀತೀನಿ. ಮೊದಲು ನಾನು, ಆಮೇಲೆ ನೀವು.”

ಸಿಸ್ಟರ್ ಎಣಿಸಿದರು, ಲೆಕ್ಕ ಎಷ್ಟೆಂದು ಬಾಯಿ ಬಿಡಲಿಲ್ಲ. ಹೆಂಡತಿ ಕಿವಿಯಿಟ್ಟು ಎಣಿಸಿ, ಎಂಬತ್ತೆರಡು ಎಂದಳು.

“ನನಗೂ ಅಷ್ಟೇ. ತಾಳ ಇನ್ನೂ ಸರಿಹೋಗಿಲ್ಲ, ಆದ್ರೆ ಓಟ ಹಿಡಿತಕ್ಕೆ ಬಂದಿದೆ. ಕರ್ಕೊಂಡು ಹೋಗಿ,” ಎಂದು ಸಿಸ್ಟರ್ ಹೊರಗೆ ಹೋದರು.

ಹೆಂಡತಿ ತಲೆ ಎತ್ತಲಿಲ್ಲ. ನನ್ನ ಎದೆ ಒದ್ದೆಯಾಗತೊಡಗಿತು. ಹೊರಗೆ ಕಿರಿಯ ನರ್ಸು ಪರದೆ ಸರಿಸಲು ಬಂದದ್ದು ಕೇಳಿಸಿತು.

“ತಡಿ,” ಎಂದರು ಸಿಸ್ಟರ್. “ಇನ್ನೂ ಒಂದು ನಿಮಿಷ ಆಗಿಲ್ಲ.”

ಪರದೆಯ ಮೇಲಿನಿಂದ ಗೋಡೆಯ ಗಡಿಯಾರ ನನಗೆ ಕಾಣುತ್ತಿತ್ತು. ಐದು ನಿಮಿಷವಾಗಿತ್ತು.