ಶಾರ್ಟ್ ಲೆಕ್ಕ ಮತ್ತು ಬೇಗೂರಿನ ಚೆಂಡುಹೂವು

೨೦೨೨ರ ಬೇಸಿಗೆ. ಚಾಮರಾಜನಗರದಲ್ಲಿ ಒಂದು ಷೇರು ದಲ್ಲಾಳಿ ಸಂಸ್ಥೆಯ ಶಾಖೆಗೆ ನಾನು ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಮ್ಮ ಗ್ರಾಹಕರು ಹೆಚ್ಚಾಗಿ ಕೊಂಡಿದ್ದ ಹತ್ತು ಹನ್ನೆರಡು ಕಂಪನಿಗಳ ‘ಶಾರ್ಟ್ ಇಂಟರೆಸ್ಟ್’ ಎಷ್ಟಿದೆ ಎಂದು ದಿನಾ ಸಂಜೆ ಗುರುತು ಹಾಕಿಕೊಳ್ಳುವುದು ನನ್ನ ಕೆಲಸಗಳಲ್ಲೊಂದು. ಬೆಲೆ ಬೀಳುತ್ತದೆ ಎಂದು ನಂಬಿದವರು ಬೇರೆಯವರ ಷೇರನ್ನು ಎರವಲು ತಂದು ಮಾರುತ್ತಾರೆ. ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡುತ್ತಾರೆ. ಹೀಗೆ ಮಾರಿ ಇನ್ನೂ ವಾಪಸ್ ಕೊಡದೆ ಉಳಿದ ಷೇರುಗಳ ಮೊತ್ತವೇ ಶಾರ್ಟ್ ಇಂಟರೆಸ್ಟ್. ಅದನ್ನು ದಿನದ ಸರಾಸರಿ ವಹಿವಾಟಿನಿಂದ ಭಾಗಿಸಿದರೆ, ಅವರೆಲ್ಲ ಕೊಂಡು ಮುಗಿಸಲು ಎಷ್ಟು ದಿನ ಬೇಕೆಂದು ತಿಳಿಯುತ್ತದೆ. ಈ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಸಂಸ್ಥೆಯಲ್ಲೇ ಇಲ್ಲ ಎಂಬ ಜಂಬ ನನಗಿತ್ತು.

ಆ ಪಟ್ಟಿಯಲ್ಲಿ ಚೆಂಡುಹೂವಿನಿಂದ ಬಣ್ಣ ತೆಗೆಯುವ ಒಂದು ಕಂಪನಿಯಿತ್ತು. ಹೆಸರು ಬೇಡ. ಗುಂಡ್ಲುಪೇಟೆ ಕಡೆಯ ರೈತರಿಗೆ ಬೀಜ ಕೊಟ್ಟು, ಬೆಳೆದ ಹೂವನ್ನು ತಾನೇ ಕೊಳ್ಳುತ್ತಿತ್ತು. ಏಪ್ರಿಲ್‌ನಲ್ಲಿ ಅದರ ಶಾರ್ಟ್ ಎರಡು ದಿನದ ವಹಿವಾಟಿನಿಂದ ಒಂಬತ್ತು ದಿನದ ವಹಿವಾಟಿನಷ್ಟಕ್ಕೆ ಏರಿತು.

ಅದೇ ವಾರ ಬೇಗೂರಿನ ಗುರುಮಲ್ಲಪ್ಪನವರು ಶಾಖೆಗೆ ಬಂದರು. ಅವರ ಬಳಿ ಒಂದೇ ಒಂದು ಷೇರೂ ಇರಲಿಲ್ಲ. ಊರಿನಲ್ಲಿ ಕಂಪನಿಯ ಬೀಜ ಹಂಚಿ, ಹೂವು ತೂಗಿ ಲಾರಿಗೆ ಹತ್ತಿಸುವವರು ಅವರು. ಜಗಳವಾದರೆ ಜನ ಪೊಲೀಸರಿಗಿಂತ ಮೊದಲು ಅವರ ಜಗುಲಿಗೆ ಹೋಗುತ್ತಿದ್ದರು.

“ಸಾ, ನಮ್ ಕಂಪ್ನಿ ಬಿದ್ದೋಯ್ತದೆ ಅಂತ ಯಾರೋ ದುಡ್ಡು ಕಟ್ಟವ್ರಂತಲ್ಲ. ನಾನು ಬೀಜ ಅಂಚ್ಲಾ, ಬ್ಯಾಡ್ವಾ? ಮೂವತ್ತೆರಡು ಮನೆಯೋರು ನನ್ ಮಾತಿನ ಮ್ಯಾಲೆ ಊವ ಆಕ್ತರೆ.”

“ಧೈರ್ಯವಾಗಿ ಹಂಚಿ ಗುರುಮಲ್ಲಪ್ಪನವರೇ,” ಎಂದೆ. “ಮಾರಿದವರು ಕೊಳ್ಳಲೇಬೇಕಲ್ಲ? ಎಲ್ಲರೂ ಒಟ್ಟಿಗೆ ಕೊಳ್ಳೋಕೆ ಓಡಿಬಂದಾಗ ಬೆಲೆ ಎದ್ದು ಕೂರುತ್ತೆ, ನೋಡ್ತಾ ಇರಿ.”

ನಮ್ಮ ಭಾಷೆಯಲ್ಲಿ ಇದಕ್ಕೆ ಶಾರ್ಟ್ ಸ್ಕ್ವೀಜ್ ಎನ್ನುತ್ತೇವೆ. ಜೂನ್‌ನಲ್ಲಿ ಅದು ನಡೆದೇ ಹೋಯಿತು. ಆರು ದಿನದಲ್ಲಿ ಬೆಲೆ ಕಾಲು ಭಾಗ ಏರಿತು. ನಾನೇ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. “ನೀವೇಳ್ದಂಗೇ ಆಯ್ತು ಕಣ್ ಸಾ,” ಎಂದು ಅವರೂ ನಕ್ಕರು. ಜುಲೈನಲ್ಲಿ ಶಾರ್ಟ್ ಮತ್ತೆ ಏರತೊಡಗಿತು. ಮೂರ್ಖರು, ಬುದ್ಧಿ ಕಲಿತಿಲ್ಲ ಎಂದುಕೊಂಡು ಸುಮ್ಮನಾದೆ.

ಆಗಸ್ಟ್‌ನಲ್ಲಿ ಹೂವು ತುಂಬುವ ಲಾರಿ ಬರಲಿಲ್ಲ. ವಿದೇಶದ ಖರೀದಿದಾರ ಕೈಬಿಟ್ಟಿದ್ದರಿಂದ ಉತ್ಪಾದನೆ ನಿಲ್ಲಿಸಿದ್ದೇವೆ ಎಂದು ಕಂಪನಿ ಷೇರುಪೇಟೆಗೆ ಎರಡು ಸಾಲು ಬರೆದು ಕೈತೊಳೆದುಕೊಂಡಿತು. ಶಾರ್ಟ್ ಮಾಡಿದವರು ಏನು ನೋಡಿದ್ದರು ಎಂಬುದು ಆಮೇಲೆ ತಿಳಿಯಿತು. ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಮಾರ್ಚ್‌ನಿಂದ ಒಬ್ಬನನ್ನು ಕೂರಿಸಿ, ಬಾಯ್ಲರಿಗೆ ಬರುವ ಸೌದೆ ಲಾರಿಗಳನ್ನು ಎಣಿಸಿದ್ದರು. ಲಾರಿಗಳು ಅರ್ಧಕ್ಕಿಳಿದಿದ್ದವು. ನಾನೂ ಬಸ್ ಹತ್ತಿದ್ದರೆ ಮಧ್ಯಾಹ್ನದೊಳಗೆ ನೋಡಿ ಬರಬಹುದಿತ್ತು.

ಆ ಸುದ್ದಿ ಬಂದ ಮೂರನೆಯ ದಿನ ಬೇಗೂರಿಗೆ ಹೋದೆ. ಹೆದ್ದಾರಿಯ ಪಕ್ಕದಲ್ಲಿ ಮೂಟೆಗಳ ಸಾಲು. ಒಳಗೆ ಹೂವು ಬೆಂದು, ಮೂಟೆಯ ಅಡಿಯಿಂದ ಕಂದು ನೀರು ಸೋರುತ್ತಿತ್ತು. ಮೂಗಿಗೆ ಕರವಸ್ತ್ರ ಹಿಡಿದು ಮುಂದೆ ನಡೆದೆ. ಗುರುಮಲ್ಲಪ್ಪನವರು ತೂಕದ ಯಂತ್ರದ ಪಕ್ಕ ನಿಂತಿದ್ದರು. ಸುತ್ತ ಹತ್ತು ಹದಿನೈದು ಜನ.

“ಇವ್ನ್ ಮಾತು ಕೇಳಿ ಜ್ವಾಳ ಬುಟ್ಟು ಊವ ಆಕ್ದೊ!” ಎಂದು ಹೆಂಗಸೊಬ್ಬಳು ಹಿಡಿ ಕೊಳೆತ ಹೂವು ತೆಗೆದು ಅವರ ಕಾಲ ಬಳಿ ಎಸೆದಳು. ಅವರಿಗಿಂತ ಎಷ್ಟೋ ಚಿಕ್ಕವಳು. ಇಷ್ಟು ದಿನ ಅವರೆದುರು ಸೆರಗು ಹೊದ್ದು ಮಾತಾಡಿದವಳೇ ಇರಬೇಕು.

ಒಬ್ಬ ನನ್ನ ಕಡೆ ತಿರುಗಿದ. “ನೀವ್ಯಾರು? ಕಂಪ್ನಿಯೋರಾ?”

ನಾನು ಬಾಯಿ ತೆರೆಯುವ ಮೊದಲೇ ಗುರುಮಲ್ಲಪ್ಪನವರು, “ಅಲ್ಲ ಕಣ್ಲಾ, ನಮ್ ನೆಂಟ್ರು. ನೋಡ್ಕಂಡೋಗಕ್ಕೆ ಬಂದವ್ರೆ,” ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಬಸ್ಸಿನವರೆಗೂ ಅವರು ಜೊತೆಗೆ ಬಂದರು. “ನನ್ನ ಹೆಸರು ಹೇಳಬಹುದಿತ್ತಲ್ಲ,” ಎಂದೆ.

“ಬೀಜ ಕೊಟ್ಟೋನು ನಾನು ಸಾ. ನೀವು ಸುಳ್ಳೇನೂ ಏಳ್ನಿಲ್ಲ, ರೇಟು ಏರ್ತಲ್ಲ.”

ಅದೇ ನನ್ನನ್ನು ಇವತ್ತಿಗೂ ಚುಚ್ಚುವುದು. ಅವರು ಕೇಳಿದ್ದು ಹೂವಿನ ಬಗ್ಗೆ. ನಾನು ಉತ್ತರ ಕೊಟ್ಟದ್ದು ಷೇರಿನ ಬಗ್ಗೆ, ಅದೂ ಸರಿಯಾದ ಉತ್ತರ. ಶಾರ್ಟ್ ಏರಿದೆ ಎಂದರೆ ಯಾರೋ ಏನನ್ನೋ ನೋಡಿದ್ದಾರೆ ಎಂದಷ್ಟೇ ಅರ್ಥ. ಏನೆಂದು ಎದ್ದು ಹೋಗಿ ನೋಡದವನು ಇನ್ನೊಬ್ಬರಿಗೆ ಧೈರ್ಯ ಹೇಳಬಾರದು. ನನ್ನ ನಂತರ ಬಂದ ಮ್ಯಾನೇಜರಿಗೆ ಇದನ್ನು ಹೇಳಿಕೊಟ್ಟೆ.

ಗುರುಮಲ್ಲಪ್ಪನವರು ಈಗ ಕುದೇರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಬೇಗೂರಿನಲ್ಲಿ ಅವರ ಮಾತು ಕೇಳುವವರು ಯಾರೂ ಉಳಿಯಲಿಲ್ಲ. ಆ ಮೂವತ್ತೆರಡು ಮನೆಗಳಿಗೆ ಹೋಗಿ, ಆ ಮಾತು ಅವರದಲ್ಲ, ನನ್ನದು ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.