ತೊಡೆಯ ಮೇಲಿನ ಕೈ

ನೆಲಿತಾಳ ಕೈಗೆ ಬಿದ್ದ ಮಗು ಕೂರಿಸಿದಲ್ಲೇ ಕೂರುತ್ತದೆ ಎಂದು ಫಿಲಿಪ್ಪೀನ್ಸಿನ ಇಲೋಯಿಲೊ ಊರಿನ ಪೇಟೆಯಲ್ಲಿ ಮಾತಿತ್ತು. ಆಟಿಸಂ ಇರುವ ಮಕ್ಕಳ ಕೇಂದ್ರಕ್ಕೆ ಅವಳು ಮೊದಲು ಸೇರಿದ್ದು ಕಸ ಗುಡಿಸಲು. ಯಾರ ಹತ್ತಿರವೂ ಹೋಗದ ಮಕ್ಕಳು ಅವಳ ಪೊರಕೆ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದವು. ಅದನ್ನು ನೋಡಿ ಅಲ್ಲಿನವರೇ ಅವಳಿಗೆ ಕೆಲಸ ಕಲಿಸಿದರು. ಸರಿ ಮಾಡಿದರೆ ಸಿಹಿ, ತಪ್ಪು ಮಾಡಿದರೆ ಮುಖ ಆಚೆ ತಿರುಗಿಸು. ಹೀಗೆ ಕಲಿಸಿಯೇ ಎಷ್ಟೋ ಮಕ್ಕಳಿಗೆ ಚಮಚ ಹಿಡಿಯುವುದು, ಚಡ್ಡಿ ಹಾಕಿಕೊಳ್ಳುವುದು, ನೀರು ಬೇಕೆಂದು ಕೈ ತೋರಿಸುವುದು ಬಂತು. ತಲೆ ನರೆಯುವ ಹೊತ್ತಿಗೆ ಅವಳು ಎಲ್ಲರಿಗೂ ಮಾನಾಂಗ್, ಅಂದರೆ ಅಕ್ಕ, ಆಗಿದ್ದಳು.

ರೆನಾತೊ ಪೇಟೆಯಲ್ಲಿ ನೂಡಲ್ಸ್ ಸಾರು ಮಾರುವ ಜೆಮ್ಮಾಳ ಮಗ. ಕೇಂದ್ರಕ್ಕೆ ಬರುತ್ತಿದ್ದ ಹುಡುಗ, ಮಾತಿಲ್ಲ. ಅವನು ಇದ್ದಕ್ಕಿದ್ದಂತೆ ಕೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದ.

"ಗಿರಾಕಿಗಳು ನನ್ನೇ ನೋಡ್ತಾರೆ ಮಾನಾಂಗ್. ನಾನೇ ಹೊಡೆದು ಹೊಡೆದು ಕಲಿಸಿದ್ದೀನಿ ಅನ್ಕೊಂಡಿದಾರೆ," ಎಂದಳು ಜೆಮ್ಮಾ.

"ನೀನು ಓಡಿ ಬರ್ತೀಯಲ್ಲ, ಅದಕ್ಕೇ ಹೊಡ್ಕೋತಾನೆ ಕಣೆ. ನೋಡದಂಗೆ ಇರು. ಉಳಿದಿದ್ದು ನನಗೆ ಬಿಡು."

ಹೊಸ ಚಾಳಿ ಕಂಡರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಈ ಮಾತು ಹೇಳಿಕೊಡುತ್ತಿದ್ದವಳೇ ನೆಲಿತಾ. ಆದರೆ ಇಷ್ಟು ವರ್ಷ ಮಾಡಿದ ಕೆಲಸ, ನನಗೆ ಗೊತ್ತಿಲ್ಲದ್ದು ಏನಿದೆ ಅಂದುಕೊಂಡಳು.

ಕೈ ಕೆನ್ನೆಗೆ ಹೋದಾಗಲೆಲ್ಲ ಇಳಿಸಿ ತೊಡೆಯ ಮೇಲಿಟ್ಟಳು. ಅಲ್ಲೇ ಇದ್ದರೆ ಸಕ್ಕರೆ ಹಚ್ಚಿ ಒಣಗಿಸಿದ ಮಾವಿನ ಚೂರು. ಹುಡುಗ ಕಲಿತ. ತಾಯಿಯ ಅಂಗಡಿಯ ಬೆಂಚಿನ ಮೇಲೆ ಎರಡೂ ಕೈ ತೊಡೆಗೆ ಅಂಟಿಸಿಕೊಂಡು ಕೂರತೊಡಗಿದ.

"ಚರ್ಚಲ್ಲಿ ಸಂತರ ಮೂರ್ತಿ ಪಕ್ಕ ಕೂರಿಸಿದ್ರೆ ಇವನ ಮುಂದೆನೂ ಮೇಣದಬತ್ತಿ ಹಚ್ತಾರೆ," ಎಂದ ಒಬ್ಬ ಗಿರಾಕಿ.

"ಮಾನಾಂಗ್, ನನ್ನ ಗಂಡನ್ನೂ ಒಂದಷ್ಟು ದಿನ ಕಳಿಸ್ಲಾ?" ಎಂದು ಜೆಮ್ಮಾ ನಕ್ಕಳು. ನೆಲಿತಾಳೂ ನಕ್ಕಳು.

ಒಂದು ಬೆಳಿಗ್ಗೆ ರೆನಾತೊನ ಮುಖ ಒಂದು ಕಡೆ ಊದಿಕೊಂಡಿತ್ತು. ಇಬ್ಬರೂ ಅವನನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರು. ದವಡೆ ಹಲ್ಲು ಬೇರಿನತನಕ ಕೊಳೆತಿತ್ತು.

"ಇದು ತುಂಬಾ ದಿನದ ನೋವು. ಕೆನ್ನೆ ಗಿನ್ನೆ ಹಿಡ್ಕೋತಿರ್ಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

"ಹೊಡ್ಕೋತಿದ್ದ ಡಾಕ್ಟರೇ. ನಮ್ ಮಾನಾಂಗ್ ಬಿಡಿಸಿದ್ರು," ಎಂದಳು ಜೆಮ್ಮಾ, ಹೆಮ್ಮೆಯಿಂದ.

ಡಾಕ್ಟರಮ್ಮ ನೆಲಿತಾಳ ಕಡೆ ಒಮ್ಮೆ ನೋಡಿ ಕೆಲಸಕ್ಕೆ ಬಗ್ಗಿದರು. ಒಸಡಿಗೆ ಸೂಜಿ ಚುಚ್ಚಿದಾಗ ರೆನಾತೊನ ಕಣ್ಣಲ್ಲಿ ನೀರು ಇಳಿಯಿತು. ಕೈ ಅರ್ಧ ಎದ್ದಿತು. ಮತ್ತೆ ತೊಡೆಗೆ ಹೋಯಿತು. ಬಾಯಿ ತೆರೆದುಕೊಂಡೇ ಅವನು ನೆಲಿತಾಳ ಚೀಲ ನೋಡಿದ. ಮಾವಿನ ಚೂರು ಇರುತ್ತಿದ್ದದ್ದು ಅದರಲ್ಲೇ.

ನೆಲಿತಾ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಆ ಕೋಣೆಯಲ್ಲಿ ಎಲ್ಲಿ ನೋಡುವುದೆಂದು ಅವಳಿಗೆ ತಿಳಿಯಲಿಲ್ಲ.

ಹಿಂದಕ್ಕೆ ಬರುವಾಗ ಜೀಪ್ನಿ ಎಂಬ ಬಾಡಿಗೆ ವ್ಯಾನಿನಲ್ಲಿ ಹುಡುಗ ತಾಯಿಯ ಮಡಿಲಲ್ಲಿ ಮಲಗಿದ್ದ. "ಎಷ್ಟು ಸುಮ್ನೆ ಕೂತಿದ್ದ ನೋಡಿ. ಎಲ್ಲಾ ನೀವು ಕಲಿಸಿದ್ದು," ಎಂದಳು ಜೆಮ್ಮಾ.

ಜೆಮ್ಮಾಳಿಗೆ ಇನ್ನೂ ಗೊತ್ತಾಗಿರಲಿಲ್ಲ. ನೆಲಿತಾ ಬಾಯಿ ಬಿಡದಿದ್ದರೆ ಮುಂದೆಯೂ ಗೊತ್ತಾಗುತ್ತಿರಲಿಲ್ಲ. ನೆಲಿತಾಳ ಒಳ್ಳೆಯ ಹೆಸರು ಹಾಗೇ ಉಳಿಯುತ್ತಿತ್ತು.

"ಜೆಮ್ಮಾ, ಅವನು ನೋವು ಅಂತ ಹೇಳ್ತಿದ್ದ. ಇರೋದೊಂದೇ ಮಾತು ಅದು. ನಾನು ಅದನ್ನೂ ಬಿಡಿಸಿದೆ."

ಜೆಮ್ಮಾ ಮಗನ ಊದಿದ ಕೆನ್ನೆಯನ್ನೇ ನೋಡುತ್ತಿದ್ದಳು. ಅದನ್ನು ಮೆಲ್ಲಗೆ ಸವರಿ ಹೇಳಿದಳು: "ಆ ಹಲ್ಲಿಗೆ ಸಿಹಿನೂ ನೀವೇ ಕೊಡ್ತಿದ್ರಿ."

ಪೇಟೆ ಬರುವ ಮೊದಲೇ ಮಗನನ್ನು ಎತ್ತಿಕೊಂಡು ಇಳಿದುಹೋದಳು.

ಆಮೇಲೆ ರೆನಾತೊ ಕೇಂದ್ರಕ್ಕೆ ಬರಲಿಲ್ಲ. ನೆಲಿತಾ ಪೇಟೆಗೆ ಹೋಗುವುದನ್ನು ಬಿಟ್ಟಳು. ಹೊಸ ಹುಡುಗಿಯರಿಗೆ ನಡೆದದ್ದನ್ನು ತಾನೇ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ.

ಮಳೆಗಾಲ ಮುಗಿದ ಮೇಲೆ ಜೆಮ್ಮಾ ಮಗನ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

"ಬೇರೆ ಯಾರ ಹತ್ರನೂ ಕೂರಲ್ಲ ಇವನು. ಅದಕ್ಕೆ ಬಂದೆ. ಮರೆತುಬಿಟ್ಟೆ ಅನ್ಕೋಬೇಡಿ."

"ಇಲ್ಲ," ಎಂದಳು ನೆಲಿತಾ.

"ನಾನೂ ಇಲ್ಲೇ ಕೂರ್ತೀನಿ."

"ಕೂರು."

ನೆಲಿತಾ ರೆನಾತೊನ ಕೈ ಹಿಡಿದು ಅವನ ಕೆನ್ನೆಗೆ ಮುಟ್ಟಿಸಿದಳು. "ನೋವು ಆದ್ರೆ ಹೀಗೆ, ಪುಟ್ಟಾ. ಹೀಗೆ ತೋರಿಸ್ಬೇಕು." ಬಿಟ್ಟ ಕೂಡಲೇ ಕೈ ತೊಡೆಗೆ ಇಳಿಯಿತು. ಅವನು ಅವಳ ಚೀಲ ನೋಡಿದ. ಅಷ್ಟು ಚೆನ್ನಾಗಿ ಕಲಿಸಿದ್ದಳು. ಮತ್ತೆ ಎತ್ತಿದಳು. ಮತ್ತೆ ಇಳಿಯಿತು. ಅವಳು ಅವನ ಕೈ ಬಿಟ್ಟು ಮುಖ ಒರೆಸಿಕೊಂಡಳು.

"ಇನ್ನೊಂದ್ ಸಲ ಹಿಡೀರಿ," ಎಂದಳು ಜೆಮ್ಮಾ, ಬಾಗಿಲ ಹತ್ತಿರದಿಂದ.

ನೆಲಿತಾ ಹುಡುಗನ ಕೈ ಹಿಡಿದಳು.